ತೂಕ ನೋಡಿದರೆ ಸಾಲದು, ತೋಳು ಅಳೆಯಿರಿ

ಕೇಳುಗರಿಗೆ ನಮಸ್ಕಾರ. ನಾನು ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಡಯಟಿಷಿಯನ್. ರೇಡಿಯೊ ಹಾಕಿಕೊಂಡು ಅಡುಗೆ ಮಾಡುತ್ತಿರುವ ಅಮ್ಮಂದಿರಿಗೆ, ಅಜ್ಜಿಯರಿಗೆ ಇವತ್ತು ಒಂದೇ ಮಾತು. ಕ್ಯಾನ್ಸರ್ ಇರುವ ಮಗುವಿನ ತೂಕ ಅಷ್ಟೇ ನೋಡಿ ಸುಮ್ಮನಾಗಬೇಡಿ. ತೋಳು ಅಳೆಸಿ.

ಯಾಕೆ ಅಂತೀರಾ? ಕೊಪ್ಪಳದ ಕಡೆಯಿಂದ ನಾಲ್ಕು ವರ್ಷದ ಒಬ್ಬ ಹುಡುಗ ಬಂದಿದ್ದ. ಕಿಡ್ನಿಯಲ್ಲಿ ಗಡ್ಡೆ, ವಿಲ್ಮ್ಸ್ ಟ್ಯೂಮರ್ ಅಂತಾರೆ. ಜೊತೆಗೆ ಅವನಜ್ಜಿ. ಮಷೀನಿನ ಮೇಲೆ ನಿಲ್ಲಿಸಿದರೆ 15 ಕೆಜಿ. ಅಜ್ಜಿಗೆ ಖುಷಿಯೋ ಖುಷಿ. "ಅಕ್ಕಾರ, ತೂಕ ಬರೋಬ್ಬರಿ ಐತಲ್ರಿ! ಹೊಟ್ಟಿ ನೋಡ್ರಿ, ಹೆಂಗ್ ತುಂಬೈತಿ" ಅಂದರು. ನಾನು ಅವನ ಅಂಗಿ ತೋಳು ಮೇಲೆ ಸರಿಸಿದೆ. ಎಡಗೈ ಸಡಿಲ ಬಿಡಿಸಿ, ಭುಜಕ್ಕೂ ಮೊಣಕೈಗೂ ಸರಿಯಾಗಿ ನಡುವೆ ಟೇಪು ಸುತ್ತಿದೆ. 11.2 ಸೆಂಟಿಮೀಟರ್. ಕೆಂಪು! "ಇದು ಅಂಗನವಾಡ್ಯಾಗ ಸುತ್ತೋ ಪಟ್ಟಿ ಅಲ್ಲೇನ್ರಿ?" ಅಂದರು ಅಜ್ಜಿ. ಅದೇ ಪಟ್ಟಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ 11.5ಕ್ಕಿಂತ ಕಡಿಮೆ ಬಂದರೆ ಕೆಂಪು, ಅಂದರೆ ಮಗು ತೀರಾ ಸೊರಗಿದೆ ಅಂತ; 12.5ರವರೆಗೆ ಹಳದಿ.

ಹೊಟ್ಟೆ ತುಂಬಿದ್ದು ಊಟದಿಂದಲ್ಲ, ಗಡ್ಡೆಯಿಂದ. ಮಷೀನು ಗಡ್ಡೆಯನ್ನೂ ಸೇರಿಸಿಯೇ ತೂಗುತ್ತದೆ, ಅದಕ್ಕೇನು ಗೊತ್ತಾಗಬೇಕು? ತೋಳಿನಲ್ಲಿ ಗಡ್ಡೆ ಇರಲಿಲ್ಲ, ಅದು ನಿಜ ಹೇಳಿತು. ಗಡ್ಡೆ ಹೊಟ್ಟೆಯನ್ನು ಒತ್ತುತ್ತಿತ್ತು, ಎರಡು ತುತ್ತಿಗೇ ಸಾಕು ಅನ್ನುತ್ತಿದ್ದ. ಹಾಗಾಗಿ ಆಪರೇಷನ್‌ಗೆ ಕಾಯದೆ ಅವತ್ತೇ ಶುರು ಮಾಡಿದೆವು. ಸ್ವಲ್ಪ ಸ್ವಲ್ಪವೇ, ಎರಡು ಗಂಟೆಗೊಮ್ಮೆ. ಹಾಲಿನಲ್ಲಿ ನೆನೆಸಿದ ರೊಟ್ಟಿ, ತುಪ್ಪ ಜಾಸ್ತಿ ಹಾಕಿದ ಬೇಳೆ ಅನ್ನ, ಹುರಿದ ಶೇಂಗಾ ಅರೆದು ಕಲಸಿದ ಬೆಲ್ಲದ ಗಂಜಿ. ಗಂಜಿ ಅಂದರೆ ಹುಡುಗ ಬಟ್ಟಲು ನೆಕ್ಕುತ್ತಿದ್ದ. ನೋಡಲು ಬರುವ ನೆಂಟರು ಮಾತ್ರ ಎಳನೀರು, ಮೂಸಂಬಿ, ಗ್ಲೂಕೋಸ್ ಪುಡಿ ಬಿಟ್ಟು ಬೇರೇನೂ ತರುವುದಿಲ್ಲ! ಅದರಲ್ಲಿ ಪ್ರೋಟೀನ್ ಎಲ್ಲಿದೆ, ಹೇಳಿ?

ಅಯ್ಯೋ, ಆ ಹುಡುಗನ ಕಥೆಯಲ್ಲೇ ಅರ್ಧ ಹೊತ್ತು ಹೋಯಿತು. ಬೇಗ ಹೇಳಿಬಿಡುತ್ತೇನೆ. ರಕ್ತದ ಕ್ಯಾನ್ಸರಿಗೆ ಸ್ಟೀರಾಯ್ಡ್ ಕೊಟ್ಟಾಗ ಮುಖ ಉಬ್ಬುತ್ತದೆ, ಮಗು ಗುಂಡಗೆ ಕಾಣುತ್ತದೆ. ಮೋಸ ಹೋಗಬೇಡಿ, ಒಳಗೆ ಮಾಂಸಖಂಡ ಕರಗುತ್ತಿರಬಹುದು. ಅಲ್ಲೂ ತೋಳೇ ನೋಡಬೇಕು. ಸೊರಗಿದ ಮಗುವಿಗೆ ಸೋಂಕು ಬೇಗ ತಗಲುತ್ತದೆ, ಕೀಮೋ ಮುಂದಕ್ಕೆ ಹೋಗುತ್ತದೆ. ಐದು ದಾಟಿದ ಮಕ್ಕಳಿಗೆ ಅಳತೆಯ ಲೆಕ್ಕ ಬೇರೆ, ಅದನ್ನು ನಾವು ನೋಡುತ್ತೇವೆ. ನೀವು ಮಾತ್ರ ಪ್ರತಿ ಸಲ ಬಂದಾಗಲೂ "ತೋಳು ಅಳೆದ್ರಾ?" ಅಂತ ಕೇಳಿ. ಸಂಕೋಚ ಬೇಡ.

ಇನ್ನೊಂದೇ ಒಂದು. ಕೀಮೋದಿಂದ ಬಾಯಿ ತುಂಬ ಹುಣ್ಣಾಗಿ ಏನೂ ಇಳಿಯದಿದ್ದಾಗ ಮೂಗಿನಿಂದ ಟ್ಯೂಬ್ ಹಾಕುತ್ತೇವೆ ಅಂದರೆ "ಇನ್ನೇನು, ಕೈ ಬಿಟ್ಟರು" ಅಂತ ಅಳಬೇಡಿ. ಟ್ಯೂಬ್ ಹಾಕುವುದು ಊಟಕ್ಕೆ. ಹುಣ್ಣು ಮಾಗಿ ಬಾಯಲ್ಲಿ ಉಣ್ಣುವ ಹಾಗಾದರೆ ತೆಗೆದುಬಿಡುತ್ತೇವೆ. ನಮಸ್ಕಾರ.