ಒಂದು ಚೀಲ ಕಾಫಿ, ಒಂದು ಇನ್‌ವಾಯ್ಸು

ನಮಸ್ಕಾರ ಎಲ್ರಿಗೂ. ಈಗ ನೋಡ್ತಿರೋದು ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸು. ರೋಬಸ್ಟಾ ಚೆರಿ ಸಿಪ್ಪೆ ಬಿಡಿಸಿ, ಗ್ರೇಡ್ ಮಾಡಿ, 60 ಕೆಜಿ ಗೋಣಿಚೀಲಕ್ಕೆ ತುಂಬ್ತಾ ಇದಾರೆ, ಇಲ್ಲಿಂದ ಪಣಂಬೂರಲ್ಲಿರೋ ನ್ಯೂ ಮಂಗಳೂರು ಬಂದರಿಗೆ, ಅಲ್ಲಿಂದ ಹಡಗಲ್ಲಿ ಇಟಲಿಗೆ. ಇದರ ಜೊತೆ ಹೋಗೋ ಕಮರ್ಷಿಯಲ್ ಇನ್‌ವಾಯ್ಸ್ ತೋರಿಸ್ಬೇಕು ಅಂತಾನೇ ಬಂದೆ, ಯಾಕಂದ್ರೆ ನೇರ ಎಕ್ಸ್‌ಪೋರ್ಟ್ ಮಾಡೋಣ ಅಂತಿರೋ ಬೆಳೆಗಾರ್ರು ಬಹಳ ಜನ ಇದನ್ನ ಬರೀ ಬಿಲ್ಲು ಅಂದ್ಕೊಂಡಿದಾರೆ.

ಸ್ಕ್ರೀನ್ ಮೇಲಿರೋದು ಮಾದರಿ ಇನ್‌ವಾಯ್ಸು. ಮೇಲ್ಗಡೆ ಮಾರೋರು, ಕೊಳ್ಳೋರು, ರಫ್ತು-ಆಮದು ಮಾಡೋರಿಗೆ ಸರ್ಕಾರ ಕೊಡೋ ಐಇಸಿ ನಂಬರು, ಸರಕು ಯಾವ್ದು ಅಂತ ಕಸ್ಟಮ್ಸಿಗೆ ಹೇಳೋ ಎಚ್‌ಎಸ್ ಕೋಡು, ಹುರಿಯದ ಕಾಫಿಗೆ ಅದು 090111. 320 ಚೀಲ ಅಂದ್ರೆ 19,200 ಕೆಜಿ, ಕೆಜಿಗೆ 4 ಡಾಲರ್ ಅಂತ ಇಟ್ಕೊಂಡ್ರೆ 76,800 ಡಾಲರ್. ಎಲ್ರ ಕಣ್ಣೂ ಸೀದಾ ಈ ಮೊತ್ತಕ್ಕೇ ಹೋಗುತ್ತೆ.

ಅದರ ಪಕ್ಕದ ಮೂರು ಇಂಗ್ಲಿಷ್ ಅಕ್ಷರ ನೋಡಿ ಮೊದ್ಲು, ಯಾವ ಖರ್ಚು ಯಾರ್ದು ಅಂತ ಹೇಳೋದು ಅದೇ. ಎಫ್‌ಓಬಿ ನ್ಯೂ ಮಂಗಳೂರು ಅಂತಿದ್ರೆ ಹಡಗಿಗೆ ಲೋಡ್ ಆಗೋವರೆಗಿನ ಖರ್ಚು ಮಾರೋ ನಮ್ದು, ಆಮೇಲಿಂದು ಕೊಳ್ಳೋರ್ದು. ಸಿಐಎಫ್ ಟ್ರಿಯೆಸ್ಟೆ ಅಂತಿದ್ರೆ ಇಟಲಿಯ ಆ ಬಂದರಿನವರೆಗಿನ ಹಡಗಿನ ಬಾಡಿಗೆ, ಇನ್ಶೂರೆನ್ಸ್ ಎರಡೂ ನಾವೇ ಕಟ್ಬೇಕು, ಆದ್ರೆ ಮಾಲಿಗೆ ದಾರೀಲಿ ಏನಾದ್ರೂ ಆದ್ರೆ ಆ ರಿಸ್ಕು ಆಗ್ಲೂ ಕೊಳ್ಳೋರ್ದೇ, ಯಾಕಂದ್ರೆ ಹಡಗಿಗೆ ಏರಿದ ಕ್ಷಣದಲ್ಲೇ ಅದು ಅವರ ಕಡೆ ದಾಟಿರುತ್ತೆ. ಇದು ಗೊತ್ತಿಲ್ದೆ ಎಫ್‌ಓಬಿ ರೇಟಿಗೇ ಸಿಐಎಫ್ ಒಪ್ಕೊಂಡ್ರೆ ಬಾಡಿಗೆ ಅಷ್ಟೂ ನಮ್ಮ ಲಾಭದಲ್ಲೇ ಕಟ್ ಆಗುತ್ತೆ ನೋಡಿ.

ಇನ್ನೊಂದು, ಸರಕಿನ ವಿವರಣೆ. ಲೆಟರ್ ಆಫ್ ಕ್ರೆಡಿಟ್, ಅಂದ್ರೆ ಸರಿಯಾದ ಕಾಗದ ಕೊಟ್ರೆ ದುಡ್ಡು ಕೊಡ್ತೀವಿ ಅಂತ ಕೊಳ್ಳೋರ ಬ್ಯಾಂಕು ಬರ್ಕೊಡೋ ಎಲ್‌ಸಿ, ಅದರ ಮೇಲೆ ವ್ಯಾಪಾರ ಆಗಿದ್ರೆ ಎಲ್‌ಸಿಗಳಿಗಿರೋ ಅಂತಾರಾಷ್ಟ್ರೀಯ ನಿಯಮ ಯುಸಿಪಿ 600 ಬರುತ್ತೆ, ಅದರ 18ನೇ ವಿಧಿ ಪ್ರಕಾರ ಇನ್‌ವಾಯ್ಸಲ್ಲಿರೋ ವಿವರಣೆ ಎಲ್‌ಸಿಯಲ್ಲಿರೋದಕ್ಕೆ ಹೊಂದ್ಬೇಕು, ಕರೆನ್ಸಿನೂ ಅದೇ ಇರ್ಬೇಕು. ಎಲ್‌ಸಿಯಲ್ಲಿ ರೋಬಸ್ಟಾ ಚೆರಿ ಎಬಿ ಅಂತ ಗ್ರೇಡ್ ಸಮೇತ ಇದ್ದು ನೀವು ಬರೀ ಇಂಡಿಯನ್ ಕಾಫಿ ಅಂತ ಹಾಕಿದ್ರೆ ಬ್ಯಾಂಕು ವಾಪಸ್ ಕಳಿಸ್ಬಹುದು. ಚೀಲದಲ್ಲಿ ಎಷ್ಟೇ ಒಳ್ಳೆ ಬೀಜ ಇರ್ಲಿ, ಬ್ಯಾಂಕು ನೋಡೋದು ಕಾಗದ ಮಾತ್ರ. ಆಶ್ಚರ್ಯ ಅಂದ್ರೆ ಅದೇ ವಿಧಿ ಇನ್‌ವಾಯ್ಸಿಗೆ ಸಹಿ ಕಡ್ಡಾಯ ಅನ್ನಲ್ಲ, ಎಲ್‌ಸಿಯಲ್ಲಿ ಕೇಳಿದ್ರೆ ಮಾತ್ರ ಬೇಕು.

ಚೀಲದ ಸಂಖ್ಯೆ, ನೆಟ್ ತೂಕ, ಗ್ರಾಸ್ ತೂಕ ಇವೆಲ್ಲ ಪ್ಯಾಕಿಂಗ್ ಲಿಸ್ಟು, ಕಸ್ಟಮ್ಸಿಗೆ ಕೊಡೋ ಶಿಪ್ಪಿಂಗ್ ಬಿಲ್ಲು ಎರಡಕ್ಕೂ ತಾಳೆ ಆಗ್ಬೇಕು. ಐಜಿಎಸ್‌ಟಿ ತೆರಿಗೆ ಕಟ್ಟದೆ, ಎಲ್‌ಯುಟಿ ಅನ್ನೋ ಮುಚ್ಚಳಿಕೆ ಪತ್ರದ ಮೇಲೆ ಕಳಿಸ್ತಿದ್ರೆ ಆ ಒಕ್ಕಣೆನೂ ಇನ್‌ವಾಯ್ಸ್ ಮೇಲೆ ಇರ್ಬೇಕು. ಎಲ್‌ಸಿ ಕೈಗೆ ಬಂದ ತಕ್ಷಣ ಕರಡು ಇನ್‌ವಾಯ್ಸ್ ಮಾಡಿ ನಿಮ್ಮ ಬ್ಯಾಂಕಿನೋರಿಗೆ ತೋರ್ಸಿ, ಲಾರಿ ಇನ್ನೂ ಇಲ್ಲೇ ನಿಂತಿರೋವಾಗ್ಲೇ.