ತೂಕ ಇಳಿಸುವ ಆಪರೇಷನ್ ಆದ ಮೇಲೆ ನೋಡಿಕೊಳ್ಳುವವರು ಯಾರು?

ನಮಸ್ಕಾರ. ಇವತ್ತು ಗ್ಲೂಕೋಸ್ ಬಾಟಲಿಯಿಂದ ಮಾತು ಶುರು ಮಾಡುತ್ತೇನೆ.

ವಾಂತಿ, ಸುಸ್ತು, ತಿಂದಿದ್ದು ಏನೂ ಒಳಗೆ ನಿಲ್ಲುತ್ತಿಲ್ಲ. ಆಗ ನಮ್ಮ ಊರುಗಳಲ್ಲಿ ಮೊದಲು ಏನು ಮಾಡುತ್ತೇವೆ? ಹತ್ತಿರದ ನರ್ಸಿಂಗ್ ಹೋಮ್‌ಗೆ ಹೋಗಿ "ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ ಡಾಕ್ಟ್ರೇ" ಅನ್ನುತ್ತೇವೆ. ಎಷ್ಟೋ ಸಲ ಅದರಿಂದ ಜೀವ ಬಂದ ಹಾಗೂ ಆಗುತ್ತದೆ. ಆದರೆ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ವಾರಗಟ್ಟಲೆ ವಾಂತಿ ಮಾಡುತ್ತಿರುವವರಿಗೆ ಅದೇ ಬಾಟಲಿ ಮೆದುಳಿಗೆ ಪೆಟ್ಟು ಕೊಡಬಹುದು.

ಯಾಕೆ ಅಂತ ಹೇಳುತ್ತೇನೆ. ಗ್ಲೂಕೋಸನ್ನು ಬಳಸಿಕೊಳ್ಳಲು ದೇಹಕ್ಕೆ ಥಯಮಿನ್ ಬೇಕು. ಅದೇ ವಿಟಮಿನ್ ಬಿ1. ಇದು ನಮ್ಮ ದೇಹದಲ್ಲಿ ಜಾಸ್ತಿ ದಿನ ಕೂಡಿಟ್ಟುಕೊಳ್ಳುವ ಪದಾರ್ಥ ಅಲ್ಲ. ಊಟ ಸೇರದೆ ಎರಡು ಮೂರು ವಾರ ಕಳೆದರೆ ಸಾಕು, ದಾಸ್ತಾನು ಖಾಲಿ. ಅಂಥ ಹೊತ್ತಿನಲ್ಲಿ ಬರೀ ಗ್ಲೂಕೋಸ್ ಹಾಕಿದರೆ ಉಳಿದಿದ್ದ ಚೂರು ಥಯಮಿನ್ನೂ ಖರ್ಚಾಗುತ್ತದೆ. ಎರಡೆರಡು ಕಾಣಿಸುವುದು, ಕಣ್ಣುಗುಡ್ಡೆ ಅತ್ತಿತ್ತ ಓಡುವುದು, ನಡೆಯುವಾಗ ತೂರಾಡುವುದು, ಮಾತು ಗೊಂದಲ ಆಗುವುದು. ಇದಕ್ಕೆ ವರ್ನಿಕೆ ಎನ್ಸೆಫಲೋಪತಿ ಅಂತ ಹೆಸರು. ಬೇಗ ಹಿಡಿದರೆ ಥಯಮಿನ್ ಇಂಜೆಕ್ಷನ್‌ನಿಂದ ವಾಸಿ ಮಾಡಬಹುದು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಥಯಮಿನ್ ಇಂಜೆಕ್ಷನ್ ದುಬಾರಿಯದ್ದೇನೂ ಅಲ್ಲ. ಬೇಕಾಗಿರುವುದು ಇಷ್ಟೇ: ಗ್ಲೂಕೋಸ್‌ಗಿಂತ ಮೊದಲು ಥಯಮಿನ್ ಕೊಡಬೇಕು. ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದ್ದರೆ ಗ್ಲೂಕೋಸ್ ತಡ ಮಾಡುವ ಹಾಗಿಲ್ಲ, ಆಗ ಎರಡನ್ನೂ ಒಟ್ಟಿಗೇ ಕೊಡಬೇಕು.

ಇದನ್ನು ಆ ನರ್ಸಿಂಗ್ ಹೋಮ್‌ಗೆ ಹೇಳುವವರು ಯಾರು? ನನ್ನ ತಕರಾರು ಇರುವುದೇ ಇಲ್ಲಿ. ಆಪರೇಷನ್ ನಡೆಯುವುದು ಬೆಂಗಳೂರಿನಲ್ಲಿ, ತೊಂದರೆ ಕಾಣಿಸಿಕೊಳ್ಳುವುದು ಹಾಸನದಲ್ಲೋ ಕಲಬುರಗಿಯಲ್ಲೋ ಸಿಂಧನೂರಿನಲ್ಲೋ. ಬೆಂಗಳೂರಿನ ಸರ್ಜನ್‌ಗೆ ರೋಗಿ ಕಾಣಿಸುವುದಿಲ್ಲ. ಊರಿನ ಡಾಕ್ಟರ್‌ಗೆ ಒಳಗೆ ಏನು ಕತ್ತರಿಸಿದ್ದಾರೆ, ಏನು ಜೋಡಿಸಿದ್ದಾರೆ ಗೊತ್ತಿರುವುದಿಲ್ಲ. ಈ ಇಬ್ಬರ ಮಧ್ಯೆ ರೋಗಿ ಒಬ್ಬರೇ ಉಳಿಯುತ್ತಾರೆ. ಕತ್ತಿ ಹಿಡಿದ ಆಸ್ಪತ್ರೆಯೇ ಆಮೇಲಿನ ವರ್ಷಗಳಿಗೂ ಹೊಣೆ ಹೊರಬೇಕು ಅನ್ನುವುದು ನನ್ನ ಗಟ್ಟಿ ನಿಲುವು. ಬೋರ್ಡಿನಲ್ಲಿ ಹಾಕುವ ಪ್ಯಾಕೇಜ್ ದರದಲ್ಲಿ ಆಪರೇಷನ್ ಥಿಯೇಟರ್, ರೂಮು, ಔಷಧಿ ಎಲ್ಲ ಇರುತ್ತದೆ. ಮುಂದಿನ ಎರಡು ವರ್ಷದ ರಕ್ತ ಪರೀಕ್ಷೆ, ಡಯಟಿಷಿಯನ್, ರಾತ್ರಿ ಹೊತ್ತು ಫೋನ್ ಎತ್ತುವ ಒಬ್ಬ ಮನುಷ್ಯ, ಇವೂ ಆ ದರದಲ್ಲೇ ಇರಬೇಕು ಅಲ್ವಾ?

ತಪ್ಪು ತಿಳಿಯಬೇಡಿ, ನಾನು ಈ ಆಪರೇಷನ್ ವಿರುದ್ಧ ಅಲ್ಲ. ಸಕ್ಕರೆ ಕಾಯಿಲೆ, ಬಿಪಿ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರುವ ಎಷ್ಟೋ ಜನರಿಗೆ ಇದು ಆಯುಸ್ಸು ಕೊಟ್ಟಿದೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಒಬ್ಬ ಯುವ ಕಿರುತೆರೆ ನಟಿ ಕೊಬ್ಬು ತೆಗೆಸಿಕೊಳ್ಳಲು ಹೋಗಿ ತೀರಿಕೊಂಡರು. ಆಗ ತುಂಬ ಜನ ಎರಡನ್ನೂ ಒಂದೇ ಅಂದುಕೊಂಡರು. ಅದು ಸೌಂದರ್ಯದ ಚಿಕಿತ್ಸೆ. ಚರ್ಮದ ಕೆಳಗಿನ ಕೊಬ್ಬನ್ನು ತೆಗೆಯುವುದು ಬೇರೆ, ಹೊಟ್ಟೆಯನ್ನೇ ಬದಲಾಯಿಸುವುದು ಬೇರೆ. ಬೇರಿಯಾಟ್ರಿಕ್ ಅಂದರೆ ನಾನು ಹೇಳುತ್ತಿರುವ ಈ ತೂಕ ಇಳಿಸುವ ಆಪರೇಷನ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ಸ್ಲೀವ್ ಅಂದರೆ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆದು, ಉಳಿದಿದ್ದನ್ನು ಕೊಳವೆಯ ಹಾಗೆ ಮಾಡುವುದು. ಬೈಪಾಸ್ (ಹೃದಯದ್ದಲ್ಲ, ಹೊಟ್ಟೆಯದ್ದು) ಅಂದರೆ ಜಠರದಲ್ಲಿ ಚಿಕ್ಕದೊಂದು ಚೀಲ ಮಾತ್ರ ಉಳಿಸಿ ಅದನ್ನು ನೇರವಾಗಿ ಕರುಳಿಗೆ ಜೋಡಿಸುವುದು. ನಿಮಗೆ ಯಾವುದು ಆಗಿದೆ ಅನ್ನುವುದು ನಿಮ್ಮ ಬ್ಲಡ್ ಗ್ರೂಪ್‌ನಷ್ಟೇ ಬಾಯಲ್ಲಿರಬೇಕು.

ಮೊದಲ ಕೆಲವು ವಾರ ತುಂಬ ಮುಖ್ಯ. ಹೊಲಿಗೆ ಹಾಕಿದ ಜಾಗದಲ್ಲಿ ಸೋರಿಕೆ ಆಗಬಹುದು. ಅದು ಕಡಿಮೆ ಜನರಿಗೆ ಆಗುತ್ತದೆ, ಆದರೆ ಆಯಿತೆಂದರೆ ಪ್ರಾಣಕ್ಕೆ ಬರುತ್ತದೆ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೂ ಆಗಬಹುದು. ದಪ್ಪ ಇರುವವರಲ್ಲಿ ಹೊಟ್ಟೆ ಮುಟ್ಟಿ ನೋಡಿದರೆ ಇದು ಸುಲಭಕ್ಕೆ ಗೊತ್ತಾಗುವುದಿಲ್ಲ. ಎಷ್ಟೋ ಸಲ ಮೊದಲು ಸುಳಿವು ಕೊಡುವುದು ನಾಡಿ. ಸುಮ್ಮನೆ ಮಲಗಿದ್ದಾಗಲೂ ನಿಮಿಷಕ್ಕೆ 120ರ ಹತ್ತಿರ ಬಡಿಯುತ್ತಿದೆ, ಜ್ವರ ಇದೆ, ಎಡ ಭುಜದಲ್ಲಿ ನೋವು, ಏನೋ ಸರಿ ಇಲ್ಲ ಅನ್ನಿಸುತ್ತಿದೆ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ. "ಗ್ಯಾಸ್ಟ್ರಿಕ್ ಇರಬೇಕು" ಅನ್ನುವ ಮಾತಿಗೆ ಆ ರಾತ್ರಿ ಒಪ್ಪಬೇಡಿ.

ಇನ್ನೊಂದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು. ಆ ಗಡ್ಡೆ ಶ್ವಾಸಕೋಶಕ್ಕೆ ಹೋದರೆ ಉಸಿರೇ ನಿಲ್ಲಬಹುದು. ಆಪರೇಷನ್ ಆದ ಹೊಸದರಲ್ಲಿ ರಾತ್ರಿಯಿಡೀ ಕಾಲು ಮಡಚಿಕೊಂಡು ಬಸ್ಸಿನಲ್ಲಿ ಕೂತು ಊರಿಗೆ ಹೋಗುವವರು ಇದನ್ನು ಸರ್ಜನ್ ಹತ್ತಿರ ಮೊದಲೇ ಮಾತಾಡಿಕೊಳ್ಳಬೇಕು. ಒಂದು ಕಾಲು ಮಾತ್ರ ಊದಿದರೆ, ಇದ್ದಕ್ಕಿದ್ದಂತೆ ಏದುಸಿರು ಬಂದರೆ ಅದು ಎಮರ್ಜೆನ್ಸಿ.

ಊಟದ ವಿಷಯಕ್ಕೆ ಬರೋಣ. ಆಸ್ಪತ್ರೆ ಕೊಡುವ ಡಯಟ್ ಶೀಟ್ ಇಂಗ್ಲಿಷ್‌ನಲ್ಲಿದ್ದರೆ ನಮ್ಮ ಅಡುಗೆಮನೆಯಲ್ಲಿ ಅದು ಯಾವ ಕೆಲಸಕ್ಕೂ ಬರುವುದಿಲ್ಲ. "ಈಗ ಮೆತ್ತಗಿನ ಆಹಾರ ತಿನ್ನಬಹುದು" ಅಂತ ಬರೆದಿದ್ದರೆ ಮಂಡ್ಯದ ಕಡೆಯ ತಾಯಿ ಏನು ಮಾಡುತ್ತಾಳೆ? ಪ್ರೀತಿಯಿಂದ ಬಿಸಿ ಮುದ್ದೆ ಮಾಡಿಕೊಡುತ್ತಾಳೆ. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಆಪರೇಷನ್ ಆದ ಹೊಟ್ಟೆಗೆ ಪ್ರತಿ ತುತ್ತೂ ಬಾಯಲ್ಲೇ ನುಣ್ಣಗಾಗಿ ಹೋಗಬೇಕು. ನುಂಗಿದ ಮುದ್ದೆ ಅಲ್ಲೇ ಸಿಕ್ಕಿಕೊಂಡರೆ ಎದೆ ಹಿಂಡಿದ ಹಾಗೆ ನೋವು, ಆಮೇಲೆ ವಾಂತಿ. ಅದೇ ರಾಗಿಯನ್ನು ತೆಳ್ಳಗೆ ಗಂಜಿ ಮಾಡಿದರೆ ಇಳಿಯುತ್ತದೆ. ಇಂಥದ್ದನ್ನು ಹೇಳಲು ನಮ್ಮ ಊಟ ಗೊತ್ತಿರುವ ಡಯಟಿಷಿಯನ್ ಬೇಕು.

ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ತಿಳಿ ಸಾರಿನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಇಲ್ಲ. ಎರಡು ಇಡ್ಲಿಗೆ ತುಂಬುವ ಹೊಟ್ಟೆಯಲ್ಲಿ ಅನ್ನ ಮೊದಲು ಹೋದರೆ ಪ್ರೋಟೀನ್‌ಗೆ ಜಾಗವೇ ಉಳಿಯುವುದಿಲ್ಲ. ಹಾಗಾಗಿ ತಟ್ಟೆಯಲ್ಲಿ ಮೊದಲು ಮೊಟ್ಟೆ, ಪನೀರ್, ಮೊಸರು, ಬೆಂದ ಬೇಳೆ. ನೀರು ಊಟದ ಜೊತೆ ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ಇನ್ನು ಬೈಪಾಸ್ ಆದವರು ಮದುವೆಮನೆಯಲ್ಲಿ ಹೋಳಿಗೆಯೋ ಮೈಸೂರುಪಾಕೋ ತಿಂದ ಸ್ವಲ್ಪ ಹೊತ್ತಿಗೇ ಬೆವರು, ಎದೆ ಡವಡವ, ತಲೆಸುತ್ತು, ಭೇದಿ ಬಂದರೆ ಅದು ದೃಷ್ಟಿ ತಾಗಿದ್ದಲ್ಲ. ಸಕ್ಕರೆ ಒಮ್ಮೆಗೇ ಕರುಳಿಗೆ ಸುರಿದಿದ್ದರಿಂದ ಹಾಗಾಗುತ್ತದೆ. ಅದಕ್ಕೆ ಡಂಪಿಂಗ್ ಅನ್ನುತ್ತಾರೆ.

ಮೆಡಿಕಲ್ ಶಾಪ್ ಬಗ್ಗೆ ಒಂದು ಮಾತು. ಮೈಕೈ ನೋವು ಅಂದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳದೆಯೇ ಕೊಡುತ್ತಾರೆ. ಬೈಪಾಸ್ ಆದವರಿಗೆ ಇವು ಜೋಡಿಸಿದ ಜಾಗದಲ್ಲೇ ಹುಣ್ಣು ಮಾಡಬಹುದು, ರಕ್ತ ಸೋರಿಸಬಹುದು. ಬೀಡಿ ಸಿಗರೇಟೂ ಅಷ್ಟೇ. ನೋವಿಗೆ ಪ್ಯಾರಾಸಿಟಮಾಲ್ ಕೇಳಿ. ಇನ್ಸುಲಿನ್ ಮತ್ತು ಶುಗರ್ ಮಾತ್ರೆಯ ಪ್ರಮಾಣ ಆಪರೇಷನ್ ಆದ ಕೆಲವೇ ದಿನಗಳಲ್ಲಿ ಬದಲಾಗಬೇಕಾಗುತ್ತದೆ. ಹಳೆಯ ಡೋಸನ್ನೇ ತೆಗೆದುಕೊಳ್ಳುತ್ತಾ ಹೋದರೆ ಶುಗರ್ ಕುಸಿದು ಬೀಳುತ್ತೀರಿ.

ಈಗ ನನಗೆ ತುಂಬ ಸಂಕಟ ತರುವ ವಿಷಯ. ಮುಚ್ಚಿಡುವುದು.

ಮದುವೆಗೆ ಮುಂಚೆ ಹುಡುಗಿಗೆ ಆಪರೇಷನ್ ಮಾಡಿಸುತ್ತಾರೆ. "ಯಾರಿಗೂ ಹೇಳಬೇಡ, ಗಂಡಿನ ಕಡೆಯವರಿಗೆ ಗೊತ್ತಾದರೆ ಏನಂದುಕೊಂಡಾರು" ಅನ್ನುತ್ತಾರೆ. ವರ್ಷದೊಳಗೆ ಮದುವೆ. ಆಪರೇಷನ್ ಆದ ಮೇಲೆ ಒಂದರಿಂದ ಒಂದೂವರೆ ವರ್ಷ ಬಸಿರಾಗಬಾರದು ಅಂತ ಡಾಕ್ಟರ್ ಹೇಳಿರುತ್ತಾರೆ. ಅದನ್ನು ಅವಳು ಅತ್ತೆಗೆ ಹೇಗೆ ಹೇಳಬೇಕು? ಗಂಡನಿಗೆ ಹೇಗೆ ಹೇಳಬೇಕು? ಬಸಿರಾದ ಮೇಲೆ ಶುಗರ್ ಪರೀಕ್ಷೆಗೆ ಗ್ಲೂಕೋಸ್ ನೀರು ಕುಡಿಸುತ್ತಾರೆ. ಬೈಪಾಸ್ ಆಗಿದ್ದರೆ ಅವಳು ಅಲ್ಲೇ ಕುಸಿಯಬಹುದು. ಹೊಟ್ಟೆನೋವು ಬಂದರೆ "ಬಸಿರಿನಲ್ಲಿ ಇದೆಲ್ಲ ಸಹಜ" ಅನ್ನುತ್ತಾರೆ. ಆದರೆ ಬೈಪಾಸ್ ಆದವರಲ್ಲಿ, ಒಳಗಿನ ಸಂದಿಯಲ್ಲಿ ಕರುಳು ನುಗ್ಗಿ ತಿರುಚಿಕೊಳ್ಳುವ ತೊಂದರೆ ವರ್ಷಗಳಾದ ಮೇಲೂ ಬರಬಹುದು. ಬಸಿರಿನಲ್ಲೂ ಬರಬಹುದು. ಅದರ ನೋವು ಬರುತ್ತದೆ, ಹೋಗುತ್ತದೆ, ಸ್ಕ್ಯಾನಿನಲ್ಲಿ ಕೆಲವೊಮ್ಮೆ ಕಾಣುವುದೂ ಇಲ್ಲ. ಡಾಕ್ಟರ್‌ಗೆ ಬೈಪಾಸ್ ಆಗಿದೆ ಅಂತಲೇ ಗೊತ್ತಿಲ್ಲದಿದ್ದರೆ ಅವರು ಅದನ್ನು ಹುಡುಕುವುದಾದರೂ ಹೇಗೆ? ಒಬ್ಬ ಹೆಣ್ಣುಮಗಳ ಜೀವಕ್ಕಿಂತ ಬೀಗರ ಮಾತು ದೊಡ್ಡದಾಗಬಾರದು. ಅಪ್ಪ ಅಮ್ಮಂದಿರೇ, ದಯವಿಟ್ಟು ಅವಳಿಂದ ಆಣೆ ಮಾಡಿಸಿಕೊಳ್ಳಬೇಡಿ.

ಗಂಡಸರೂ ಮುಚ್ಚಿಡುತ್ತಾರೆ. "ವಾಕಿಂಗ್ ಮಾಡಿ ಇಳಿಸಿದೆ" ಅನ್ನುತ್ತಾರೆ. ಆಮೇಲೆ ಗೆಳೆಯರ ಜೊತೆ ಕುಡಿಯಲು ಕೂತಾಗ ಮೊದಲಿನ ಲೆಕ್ಕದಲ್ಲೇ ಕುಡಿಯುತ್ತಾರೆ. ಈಗ ಅದು ಬೇಗ ಏರುತ್ತದೆ, ಚಟವಾಗುವ ಅಪಾಯವೂ ಜಾಸ್ತಿ.

ನಿಧಾನವಾಗಿ ಬರುವ ತೊಂದರೆಗಳೂ ಇವೆ. ಮೂರು ತಿಂಗಳಾದ ಮೇಲೆ ಕೂದಲು ಉದುರುತ್ತದೆ. ಹೆದರಬೇಡಿ, ಸಾಮಾನ್ಯವಾಗಿ ವಾಪಸ್ ಬರುತ್ತದೆ. ಬೇಗ ತೂಕ ಇಳಿದಾಗ ಪಿತ್ತಕೋಶದಲ್ಲಿ ಕಲ್ಲಾಗಬಹುದು. ಅದಕ್ಕೆ ಆರು ತಿಂಗಳ ಮಾತ್ರೆ ಬರೆದುಕೊಟ್ಟಿದ್ದರೆ ನಡುವೆ ಬಿಡಬೇಡಿ. ವಿಟಮಿನ್ ಬಿ12 ಕೊರತೆ ಮಾತ್ರ ಸದ್ದಿಲ್ಲದೆ ಬರುತ್ತದೆ. ನಮ್ಮಲ್ಲಿ ಶಾಕಾಹಾರಿಗಳಿಗೆ ಮೊದಲೇ ಅದು ಕಡಿಮೆ. ಮೇಲೆ ಆಪರೇಷನ್, ಮೇಲೆ ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ, ಮೇಲೆ ಆಸಿಡಿಟಿ ಮಾತ್ರೆ. ಎಲ್ಲ ಸೇರಿ ಒಂದೆರಡು ವರ್ಷದಲ್ಲಿ ಕೈಕಾಲು ಜುಮ್ಮೆನ್ನುತ್ತದೆ, ಮರೆವು ಬರುತ್ತದೆ. ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಯನ್ನು ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಕಾಫಿ ಜೊತೆ ಕಬ್ಬಿಣದ ಮಾತ್ರೆ ಬೇಡವೇ ಬೇಡ. ರಕ್ತ ಪರೀಕ್ಷೆ ಮೊದಲ ವರ್ಷದಲ್ಲಿ ಕೆಲವು ಸಲ, ಆಮೇಲೆ ವರ್ಷಕ್ಕೊಮ್ಮೆ, ಬದುಕಿರುವವರೆಗೆ.

ಮನಸ್ಸಿನ ಮಾತು ಯಾರೂ ಕೇಳುವುದಿಲ್ಲ. ದೇಹ ಬದಲಾಗುತ್ತದೆ, ಜೋತುಬಿದ್ದ ಚರ್ಮ ಉಳಿಯುತ್ತದೆ, ಬೇಸರ ಆದಾಗ ಊಟದಲ್ಲಿ ಸಿಗುತ್ತಿದ್ದ ಸಮಾಧಾನ ಸಿಗುವುದಿಲ್ಲ. ಕೆಲವರಿಗೆ ಖಿನ್ನತೆ ಬರುತ್ತದೆ, ಬದುಕೇ ಬೇಡ ಅನ್ನಿಸುತ್ತದೆ. ಹಾಗನ್ನಿಸಿದರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಹಕ್ಕಿನ ವಿಷಯವೂ ಇದೆ. ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡವಳಿಕೆಗೆ 2002ರಲ್ಲಿ ಮಾಡಿದ ನಿಯಮವೇ ಹೇಳುತ್ತದೆ. ಡಿಸ್ಚಾರ್ಜ್ ಸಮರಿ ಒಂದೇ ಸಾಲದು, ಆಪರೇಷನ್ ನೋಟ್ಸ್ ಕೇಳಿ. ಅದರ ಒಂದು ಪ್ರತಿ ಊರಿನ ಡಾಕ್ಟರ್ ಹತ್ತಿರ ಇರಲಿ, ಫೋಟೋ ಮನೆಯವರ ಮೊಬೈಲ್‌ನಲ್ಲಿ ಇರಲಿ. ಖಾಸಗಿ ಆಸ್ಪತ್ರೆ ಮೇಲೆ ದೂರಿದ್ದರೆ ಕರ್ನಾಟಕದಲ್ಲಿ ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಕುಂದುಕೊರತೆ ಪ್ರಾಧಿಕಾರ ಇದೆ, ಜಿಲ್ಲಾಧಿಕಾರಿಯೇ ಅದರ ಅಧ್ಯಕ್ಷರು. ವಿಮೆ ಮಾಡಿಸಿದವರು ಷರತ್ತು ಓದಿ. ವಿಮಾ ಕಂಪನಿಗಳ ನಿಯಂತ್ರಕ ಐಆರ್‌ಡಿಎಐ 2019ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 40 ಅಥವಾ ಹೆಚ್ಚು ಇರಬೇಕಿತ್ತು, ಇಲ್ಲವೇ 35 ಅಥವಾ ಹೆಚ್ಚು ಇದ್ದು ಹೃದಯದ ಕಾಯಿಲೆ ಅಥವಾ ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯಂಥ ಗಂಭೀರ ತೊಂದರೆ ಇರಬೇಕಿತ್ತು. ಆಮೇಲೆ ಬರುವ ತೊಂದರೆಗೂ ಹಣ ಸಿಗುತ್ತದಾ ಅಂತ ಬರವಣಿಗೆಯಲ್ಲೇ ಕೇಳಿ.

ಕೊನೆಯದಾಗಿ, ಆಪರೇಷನ್ ಆಗಿ ವರ್ಷಗಳಾಗಿ ಫಾಲೋ ಅಪ್ ಬಿಟ್ಟಿರುವವರಿಗೆ. ತೂಕ ಸ್ವಲ್ಪ ವಾಪಸ್ ಬಂದಿದೆ, ಡಾಕ್ಟರ್ ಬೈಯುತ್ತಾರೆ ಅಂತ ನೀವು ಹೋಗುತ್ತಿಲ್ಲ, ನನಗೆ ಗೊತ್ತು. ತೂಕ ವಾಪಸ್ ಬರುವುದು ಈ ಕಾಯಿಲೆಯ ಸ್ವಭಾವ, ನಿಮ್ಮ ನಡತೆಯ ದೋಷ ಅಲ್ಲ. ಹಳೆಯ ಆಸ್ಪತ್ರೆಗೆ ಕಾಲಿಡಲು ಮನಸ್ಸಿಲ್ಲದಿದ್ದರೆ ಬೇರೆ ಬೇರಿಯಾಟ್ರಿಕ್ ಸರ್ಜನ್ ಹತ್ತಿರ ಹೋಗಿ. ಅದೂ ಆಗದಿದ್ದರೆ ಈ ವಾರ ಊರಿನಲ್ಲೇ ಬಿ12, ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು), ವಿಟಮಿನ್ ಡಿ, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ, ರಿಪೋರ್ಟ್ ಹಿಡಿದು ಫಿಸಿಷಿಯನ್ ನೋಡಿ. ಕೂತ ತಕ್ಷಣ ಮೊದಲ ಮಾತೇ ಇದಾಗಿರಲಿ: "ಡಾಕ್ಟ್ರೇ, ನನಗೆ ಇಂಥ ವರ್ಷದಲ್ಲಿ ಇಂಥ ಆಪರೇಷನ್ ಆಗಿದೆ."