ಐಸ್‌ಲ್ಯಾಂಡ್ ಕುದುರೆಯ ಟೋಲ್ಟ್: ಹುಟ್ಟಿನಿಂದ ಬಂದದ್ದೆಷ್ಟು, ಕಲಿಸಿದ್ದೆಷ್ಟು?

[ದೃಶ್ಯ: ತುಂಬಿದ ಬಿಯರ್ ಲೋಟ ಹಿಡಿದು ವೇಗವಾಗಿ ಸಾಗುತ್ತಿರುವ ಸವಾರ]

ಈ ಸವಾರನ ಲೋಟದಿಂದ ಬಿಯರ್ ಚೆಲ್ಲದಿರುವುದಕ್ಕೆ ಅವನ ಕೈಚಳಕಕ್ಕಿಂತ ಕುದುರೆಯ ಕಾಲುಗಳೇ ಹೆಚ್ಚು ಕಾರಣ. ಐಸ್‌ಲ್ಯಾಂಡಿನ ಕುದುರೆಗಳು ನಡಿಗೆ, ಟ್ರಾಟ್ ಮತ್ತು ನಾಗಾಲೋಟಗಳಲ್ಲದೆ ಟೋಲ್ಟ್ ಎಂಬ ಗತಿಯನ್ನೂ, ಅವುಗಳಲ್ಲಿ ಅನೇಕವು ಒಂದೇ ಬದಿಯ ಎರಡು ಕಾಲುಗಳು ಜೊತೆಯಾಗಿ ಚಲಿಸುವ, ಸ್ಕೈದ್ ಎಂಬ ಅತಿವೇಗದ ಐದನೆಯ ಗತಿಯನ್ನೂ ಬಲ್ಲವು. ಟ್ರಾಟ್‌ನಲ್ಲಿ ಓರೆಯಾಗಿ ಎದುರುಬದುರಿರುವ ಎರಡೆರಡು ಕಾಲುಗಳು ಒಟ್ಟಿಗೆ ನೆಲ ಮುಟ್ಟುತ್ತವೆ, ನಡುವೆ ಕುದುರೆ ಕ್ಷಣಕಾಲ ಗಾಳಿಯಲ್ಲಿರುತ್ತದೆ. ಆದ್ದರಿಂದ ಸವಾರನಿಗೆ ಕುಲುಕಾಟ ತಪ್ಪದು. ಟೋಲ್ಟ್‌ನಲ್ಲಾದರೋ ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು ಎಂಬ ಕ್ರಮದಲ್ಲಿ ಒಂದೊಂದೇ ಕಾಲು ಊರುವುದರಿಂದ, ವೇಗ ಹೆಚ್ಚಿದರೂ ಕುದುರೆ ನೆಲದ ಸಂಪರ್ಕವನ್ನು ಪೂರ್ತಿ ಬಿಡುವುದಿಲ್ಲ.

[ದೃಶ್ಯ: ಬೆನ್ನುಹುರಿಯ ರೇಖಾಚಿತ್ರ]

ಬೆನ್ನುಹುರಿಯಲ್ಲಿ ಕಾಲುಗಳ ಚಲನೆಯನ್ನು ಹೊಂದಿಸುವ ನರಕೋಶಗಳ ಮೇಲೆ ಪ್ರಭಾವ ಬೀರುವ ಡಿಎಂಆರ್‌ಟಿ3 ಎಂಬ ವಂಶವಾಹಿಯ ಒಂದು ಬದಲಾವಣೆಯೇ ಈ ವಿಶೇಷ ಗತಿಗಳ ಹಿಂದಿದೆಯೆಂದು ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರಿದ್ದ ತಂಡವು 2012ರಲ್ಲಿ ಪ್ರಕಟಿಸಿತು. ಸ್ಕೈದ್ ಬಲ್ಲ ಕುದುರೆಗಳಲ್ಲಿ ಬಹುತೇಕ ಎಲ್ಲವೂ ಈ ಬದಲಾವಣೆಯನ್ನು ತಾಯಿ ತಂದೆ ಇಬ್ಬರಿಂದಲೂ ಪಡೆದಿರುತ್ತವೆ. ಈ ತಳಿಗೆ ಹೊರಗಿನ ರಕ್ತ ಬೆರೆಯುವುದೂ ಇಲ್ಲ: ಹೊರಗಿನ ಕುದುರೆಗಳನ್ನು ದ್ವೀಪಕ್ಕೆ ತರುವುದು ಶತಮಾನಗಳಿಂದ ನಿಷಿದ್ಧ. ಒಮ್ಮೆ ಹೊರದೇಶಕ್ಕೆ ಹೋದ ಐಸ್‌ಲ್ಯಾಂಡ್ ಕುದುರೆಯೂ ತವರಿಗೆ ಮರಳುವಂತಿಲ್ಲ.

ಆದರೆ ರಕ್ತದಲ್ಲಿ ಬಂದದ್ದು ಸಾಮರ್ಥ್ಯ ಮಾತ್ರ. ಬೆನ್ನು ಬಿಗಿದುಕೊಂಡು ಅವಸರಪಡುವ ಎಳೆಯ ಕುದುರೆಯಲ್ಲಿ ಒಂದೇ ಬದಿಯ ಎರಡು ಕಾಲುಗಳು ಜೊತೆಯಾಗಿ ಬೀಳತೊಡಗಿ, ನಾಲ್ಕು ತಾಳದ ಲಯವು ಎರಡಕ್ಕೆ ಕುಸಿಯುತ್ತದೆ. ಆಗ ಲಗಾಮು ಜಗ್ಗಿ ತಲೆ ಎತ್ತಿಸುವುದು ಸುಲಭದ ದಾರಿಯಾದರೂ ಕೆಟ್ಟ ದಾರಿ. ಬಲ್ಲ ತರಬೇತುದಾರರು ವೇಗ ತಗ್ಗಿಸಿ, ನಡಿಗೆಯಿಂದ ಟೋಲ್ಟ್‌ಗೆ, ಟೋಲ್ಟ್‌ನಿಂದ ನಡಿಗೆಗೆ ಮತ್ತೆ ಮತ್ತೆ ಬದಲಾಯಿಸುತ್ತ, ನಡುನಡುವೆ ಟ್ರಾಟ್ ಮಾಡಿಸಿ ಬೆನ್ನಿನ ಬಿಗಿತವನ್ನು ಸಡಿಲಿಸುತ್ತಾರೆ.

[ದೃಶ್ಯ: ಬೆಟ್ಟದ ಹುಲ್ಲುಗಾವಲಿನಲ್ಲಿ ಹಿಂಡು]

ರೇಸಿನ ಥರೋಬ್ರೆಡ್‌ಗಳು ಎರಡನೆಯ ವರ್ಷಕ್ಕೇ ಓಟಕ್ಕಿಳಿಯುವುದುಂಟು. ಐಸ್‌ಲ್ಯಾಂಡ್ ಕುದುರೆಗಳಾದರೋ ಸುಮಾರು ನಾಲ್ಕು ವರ್ಷದವರೆಗೆ ಹಿಂಡಿನೊಡನೆ ಬೆಳೆದ ಮೇಲಷ್ಟೇ ಜೀನು ಕಾಣುತ್ತವೆ. ಇವುಗಳ ಶಾಂತ ಸ್ವಭಾವಕ್ಕೆ ದ್ವೀಪದಲ್ಲಿ ಬೇಟೆಯಾಡುವ ದೊಡ್ಡ ಪ್ರಾಣಿಗಳಿಲ್ಲದಿರುವುದೇ ಕಾರಣವೆಂದು ಹಲವರು ಹೇಳುತ್ತಾರೆ. ಹಿರಿಯ ಕುದುರೆಗಳ ಶಿಸ್ತಿನಲ್ಲಿ, ಕಲ್ಲು ಲಾವಾ ಹೊಳೆಗಳ ನಡುವೆ ಕಳೆದ ಆ ವರ್ಷಗಳಿಗೂ ಅಷ್ಟೇ ಪಾಲು ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಶಾಂತವೆಂದರೆ ಮಂದವೆಂದಲ್ಲ. ತಳಿ ಪರೀಕ್ಷೆಗಳಲ್ಲಿ ಗತಿಗಳ ಜೊತೆಗೆ, ಸವಾರ ಒತ್ತಾಯಿಸದೆಯೇ ಮುನ್ನುಗ್ಗುವ ಮನಸ್ಸಿಗೂ ಅಂಕಗಳಿವೆ. ಆ ಹುರುಪನ್ನು ಅಡಗಿಸದೆ ಹತೋಟಿಗೆ ತರುವುದೇ ತರಬೇತಿಯ ಕಠಿಣ ಭಾಗ.

ಸ್ಕೈದ್‌ನಲ್ಲಿ ಇದು ಎದ್ದು ಕಾಣುತ್ತದೆ. ನಾಗಾಲೋಟದಿಂದ ಒಮ್ಮೆಲೇ ಈ ಗತಿಗೆ ಬದಲಾಯಿಸಿ, 100 ಅಥವಾ 250 ಮೀಟರ್‌ನಂಥ ಕಿರುದೂರವನ್ನಷ್ಟೇ ಓಡಿಸುತ್ತಾರೆ. ಉಳಿದ ಗತಿಗಳಲ್ಲಿ ಸಮತೋಲನ ಕೂಡಿ, ಮೈ ಬಲಿಯುವವರೆಗೆ ಒಳ್ಳೆಯ ತರಬೇತುದಾರರು ಇದಕ್ಕೆ ಕೈಹಾಕುವುದಿಲ್ಲ.